ಮೂರು ವಾರ ಬಿಟ್ಟು ಅದೇ ಪ್ರಶ್ನೆ

ಜೂನ್ ೨

ಪ್ರೀತಿಯ ಅಕ್ಕ,

ಫೋನು ಮಾಡಿದರೆ ನೀನು "ಯಾರು? ಯಾರದು?" ಎಂದು ಕಿರುಚಿ ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ. ಕಿವಿಯ ಮಷೀನನ್ನು ಡಬ್ಬದಲ್ಲಿಟ್ಟರೆ ಅದು ಡಬ್ಬಕ್ಕೆ ಕೇಳಿಸುತ್ತದೆ, ನಿನಗಲ್ಲ.

ಇವತ್ತು ಇವಳನ್ನು ಸಕ್ಕರೆ ಕಾಯಿಲೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ರಕ್ತ ಕೊಡಲು ಇವಳನ್ನು ಒಳಗೆ ಕರೆದರು, ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಬಿಳಿ ಕೋಟು ಹಾಕಿಕೊಂಡ ಹುಡುಗಿಯೊಬ್ಬಳು ಬಂದು, "ತಾತ, ವಯಸ್ಸಾದವರಲ್ಲಿ ಆತಂಕ ಇದೆಯಾ ಅಂತ ಪತ್ತೆ ಮಾಡೋಕೆ ಒಂದು ಪ್ರಶ್ನಾವಳಿ ತಯಾರು ಮಾಡ್ತಿದ್ದೀವಿ. ನಿಮ್ಮನ್ನ ಪರೀಕ್ಷೆ ಮಾಡ್ತಿಲ್ಲ, ಪ್ರಶ್ನೆಗಳನ್ನೇ ಪರೀಕ್ಷೆ ಮಾಡ್ತಿದ್ದೀವಿ" ಎಂದಳು. ಪ್ರಶ್ನೆಗಳನ್ನು ಪರೀಕ್ಷೆ ಮಾಡುವುದಂತೆ! ಮೂವತ್ತು ವರ್ಷ ರೈಲಿನಲ್ಲಿ ಟಿಕೆಟ್ ನೋಡಿದವನ ಕಿವಿ ಮೇಲೆ ಹೂವಿಡಲು ಬಂದಿದ್ದಳು.

ಒಟ್ಟು ಹನ್ನೆರಡು ಪ್ರಶ್ನೆ. ಪ್ರತಿಯೊಂದಕ್ಕೂ ನಾಲ್ಕು ಉತ್ತರ: ಎಂದೂ ಇಲ್ಲ, ಕೆಲವೊಮ್ಮೆ, ಆಗಾಗ, ಯಾವಾಗಲೂ. ಏನೋ ಕೆಟ್ಟದ್ದು ಆಗಲಿದೆ ಅನ್ನಿಸುತ್ತದೆಯೇ? ಎಂದೂ ಇಲ್ಲ. ಎದೆ ಡವಡವ ಅನ್ನುತ್ತದೆಯೇ? ಎಂದೂ ಇಲ್ಲ. ಮುಗಿಸಿದ ಕೆಲಸವನ್ನು ಮುಗಿಸಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡುತ್ತೀರಾ? ಎಂದೂ ಇಲ್ಲ. ನಿದ್ದೆ ಕೆಡುತ್ತದೆಯೇ? ಕೆಲವೊಮ್ಮೆ. ಎಲ್ಲದಕ್ಕೂ ಇಲ್ಲ ಎಂದರೆ ಅನುಮಾನ ಬರುತ್ತದೆ ನೋಡು, ಅದಕ್ಕೇ ಅಲ್ಲೊಂದು ಇಲ್ಲೊಂದು ಕೆಲವೊಮ್ಮೆ ಸೇರಿಸಿದೆ. ಬೇರೆ ಹಾಳೆಯಲ್ಲಿ ಹನ್ನೆರಡನ್ನೂ ಉತ್ತರ ಸಮೇತ ಬರೆದಿದ್ದೇನೆ, ಈ ಕಾಗದದ ಜೊತೆಗಿದೆ.

ಅಸಲು ವಿಷಯ ಕೇಳು. ಎದ್ದು ಹೊರಡುವಾಗ ಆ ಹುಡುಗಿ, "ಇಪ್ಪತ್ಮೂರನೇ ತಾರೀಕು ಮತ್ತೆ ಬನ್ನಿ ತಾತ, ಇದೇ ಪ್ರಶ್ನೆ ಇನ್ನೊಂದು ಸಲ ಕೇಳ್ತೀನಿ. ಉತ್ತರ ಎಷ್ಟು ಒಂದೇ ಥರ ಬರುತ್ತೆ ಅಂತ ನೋಡ್ಬೇಕು" ಎಂದಳು. ಆಗಲೇ ಗುಟ್ಟು ಗೊತ್ತಾಯಿತು. ನಾನೂ ಹಾಗೇ ಮಾಡುತ್ತಿದ್ದೆ. ಅನುಮಾನ ಬಂದವನನ್ನು ಎಲ್ಲಿ ಹತ್ತಿದಿರಿ ಎಂದು ಕೇಳಿ ಸುಮ್ಮನೆ ಮುಂದಕ್ಕೆ ಹೋಗುತ್ತಿದ್ದೆ. ಎರಡು ಸ್ಟೇಷನ್ ಆದ ಮೇಲೆ ಬಂದು ಅದನ್ನೇ ಕೇಳಿದರೆ ಕಳ್ಳ ಬೇರೆ ಊರಿನ ಹೆಸರು ಹೇಳುತ್ತಿದ್ದ. ಇದು ಆತಂಕದ ಪರೀಕ್ಷೆಯಲ್ಲ ಅಕ್ಕ. ನನಗೆ ಮರೆವು ಶುರುವಾಗಿದೆಯೇ ಎಂದು ನೋಡುವ ಪರೀಕ್ಷೆ.

ಆ ಹಾಳೆಯನ್ನು ಜೋಪಾನವಾಗಿಟ್ಟು ಪರೀಕ್ಷೆಗೆ ಮುಂಚೆ ವಾಪಸು ಕಳಿಸು, ಬಾಯಿಪಾಠ ಮಾಡಿಕೊಳ್ಳುತ್ತೇನೆ. ಮನೆಯಲ್ಲಿಟ್ಟುಕೊಳ್ಳುವ ಹಾಗಿಲ್ಲ. ಭಾನುವಾರ ಮಗಳು ಬಂದರೆ ನನ್ನ ಡ್ರಾಯರ್ ಎಲ್ಲ ಜಾಲಾಡುತ್ತಾಳೆ.

ನಿನ್ನ ತಮ್ಮ


ಜೂನ್ ೬

ಲೋ ಗುಂಡ,

ನಿನ್ನ ಕಾಗದ ಓದಿ ನಕ್ಕೆ, ಎರಡನೇ ಸಲ ಓದಿದಾಗ ನಗು ಬರಲಿಲ್ಲ. ಹೆಡ್‌ಮೇಡಂ ಆಗಿ ಎಷ್ಟು ಮಕ್ಕಳ ನೆಪ ಕೇಳಿದ್ದೇನೆ ನಾನು! ಹೋಂವರ್ಕ್ ಮಾಡಿದ ಮಗು ಯಾವತ್ತೂ ಅಷ್ಟು ಉದ್ದ ಮಾತಾಡುವುದಿಲ್ಲ.

ಎರಡು ಪುಟ ಬರೆದಿದ್ದೀಯ. ಹೆಂಡತಿಯ ಬಗ್ಗೆ ಅವಳನ್ನು ಒಳಗೆ ಕರೆದರು ಎನ್ನುವುದು ಬಿಟ್ಟರೆ ಒಂದಕ್ಷರ ಇಲ್ಲ. ಅವಳ ಕಣ್ಣು ಹೇಗಿದೆ? ಆಪರೇಷನ್ ಆದ ಕಣ್ಣಿಗಾದರೂ ಬೆಳಕು ಕಾಣುತ್ತಿದೆಯಾ? ಹಿಂದೆಲ್ಲ ಕಾಗದದ ಕೊನೆಗೆ ಅವಳು ಹೇಳಿ ಬರೆಸಿದ ಒಂದು ತರಲೆ ಮಾತು ಇರುತ್ತಿತ್ತು. ಈ ಸಲ ಯಾಕಿಲ್ಲ?

ಮರೆವಿನ ಪರೀಕ್ಷೆ ಅಂತಲೇ ಇಟ್ಟುಕೊಳ್ಳೋಣ. ಮರೆಯದವನಿಗೆ ಅದರ ಭಯ ಯಾಕೆ? ಏನೋ ಆಗಿದೆ. ಏನು ಅಂತ ಬರಿ, ಆಮೇಲೆ ಹಾಳೆ ಕಳಿಸುತ್ತೇನೆ. ಅಲ್ಲಿಯವರೆಗೆ ಅದು ನನ್ನ ದಿಂಬಿನ ಕೆಳಗೆ ಭದ್ರವಾಗಿರುತ್ತದೆ.

ನನ್ನ ಮಂಡಿಗೆ ಹೊಲಿಗೆ ಹಾಕಿ ಹತ್ತು ದಿನವಾಯಿತು. ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬರುತ್ತೇನೆ. ಮೇಲಿನ ಮನೆಯ ಬಾಡಿಗೆ ಹುಡುಗಿ ಹಾಲು ತಂದುಕೊಡುತ್ತಾಳೆ. ಮಂಡಿ ನೆಟ್ಟಗಿದ್ದಿದ್ದರೆ ಈ ಹೊತ್ತಿಗೆ ನಿನ್ನ ಬಾಗಿಲು ಬಡಿಯುತ್ತಿದ್ದೆ.

ಅಕ್ಕ


ಜೂನ್ ೧೦

ಅಕ್ಕ,

ಓದಿದ ಮೇಲೆ ಹರಿದು ಹಾಕು. ಮಗಳ ಮುಂದೆ ಯಾವತ್ತೂ ಬಾಯಿ ಬಿಡಬೇಡ.

ಇವಳಿಗೆ ಬೆಳಗ್ಗೆ ಸಂಜೆ ಇನ್ಸುಲಿನ್ ಚುಚ್ಚುವವನು ನಾನೇ. ಸಿರಿಂಜಿನ ಗೆರೆ ಇವಳ ಕಣ್ಣಿಗೆ ಕಾಣುವುದಿಲ್ಲ. ಮೂರು ವರ್ಷದಿಂದ ಒಂದು ದಿನವೂ ತಪ್ಪಿಸಿರಲಿಲ್ಲ. ಹೋದ ತಿಂಗಳು ಒಂದು ಬೆಳಗ್ಗೆ ಒಲೆಯ ಮೇಲೆ ಹಾಲಿಟ್ಟಿದ್ದೆ, ಬಾಗಿಲಲ್ಲಿ ಯಾರೋ ಬೆಲ್ ಮಾಡಿದರು, ನೀರಿನ ಮೀಟರ್ ನೋಡುವವನು. ಅವನನ್ನು ಕಳಿಸಿ ಒಳಗೆ ಬಂದರೆ ಇವಳು ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು, ಹತ್ತಿರ ಸ್ಟೂಲಿನ ಮೇಲೆ ಸಿರಿಂಜ್ ಇತ್ತು. ಚುಚ್ಚಿದೆನೋ ಇಲ್ಲವೋ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಇಲ್ಲ ಎಂದುಕೊಂಡು ಚುಚ್ಚಿದೆ.

ಸ್ವಲ್ಪ ಹೊತ್ತಿಗೆ ಇವಳ ಮೈಯೆಲ್ಲ ಬೆವರಿ ಸೀರೆ ತೊಯ್ದು ಹೋಯಿತು. ಕೈ ನಡುಗಲು ಶುರುವಾಯಿತು. ನನ್ನನ್ನು ನೋಡಿ ಏನೋ ಹೇಳಿದಳು, ಅದು ಮಾತಾಗಿರಲಿಲ್ಲ. ಸಕ್ಕರೆ ನೀರು ಕಲಸಿ ಚಮಚದಲ್ಲಿ ತುಟಿಗೆ ಹಾಕಿದೆ, ಅರ್ಧ ಕೆನ್ನೆಯ ಮೇಲೆ ಹರಿಯಿತು. ಹೋದಳು ಎಂದುಕೊಂಡೆ ಅಕ್ಕ. ಆಮೇಲೆ ನಿಧಾನವಾಗಿ ಬಣ್ಣ ಬಂತು. "ಹಸಿವಿಗೆ ತಲೆ ಸುತ್ತಿರಬೇಕು ಕಣ್ರೀ" ಎಂದಳು. ನಾನೂ ಹೌದು ಎಂದೆ.

ಅಂದಿನಿಂದ ಕ್ಯಾಲೆಂಡರಿನ ಮೇಲೆ ಟಿಕ್ ಹಾಕುತ್ತಿದ್ದೇನೆ. ಚುಚ್ಚಿ ಟಿಕ್ ಹಾಕಿದೆನೋ, ಟಿಕ್ ಹಾಕಿ ಚುಚ್ಚುವುದು ಬಾಕಿಯಿದೆಯೋ ಎಂದು ಅದರ ಮುಂದೆ ನಿಂತುಬಿಡುತ್ತೇನೆ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ, ಕಸದ ಬುಟ್ಟಿಯಲ್ಲಿ ಸೂಜಿ ಹುಡುಕುತ್ತೇನೆ.

ಕ್ಲಿನಿಕ್ಕಿನವರಿಗೆ ಅನುಮಾನ ಬಂದಿದೆ, ಅದಕ್ಕೇ ಆ ಹುಡುಗಿಯನ್ನು ನನ್ನ ಹತ್ತಿರ ಬಿಟ್ಟಿದ್ದಾರೆ. ನಾನು ಮರೆಗುಳಿ ಎಂದು ಗೊತ್ತಾದರೆ ಸಿರಿಂಜ್ ಕಿತ್ತುಕೊಳ್ಳುತ್ತಾರೆ, ಮಗಳಿಗೆ ಹೇಳುತ್ತಾರೆ. ಮಗಳ ಮನೆಯಲ್ಲಿ ಎರಡೇ ಕೋಣೆ. ಅಮ್ಮನನ್ನು ಕರೆದುಕೊಂಡು ಹೋಗುತ್ತಾಳೆ, ನನ್ನನ್ನು ಯಾವುದಾದರೂ ಆಶ್ರಮಕ್ಕೆ ಸೇರಿಸುತ್ತಾಳೆ. ಇವಳಿಲ್ಲದೆ ನಾನು ಇರಲಾರೆ. ಬೇರೆ ಏನೂ ಕೇಳಬೇಡ, ಹಾಳೆ ಕಳಿಸು.

ಗುಂಡ


ಜೂನ್ ೧೪

ಗುಂಡ,

ನೀನು ಕೇಳಿದ ಹಾಳೆಗೆ ನೀರು ಬಿದ್ದು ಅಲ್ಲಲ್ಲಿ ಕಲೆಯಾಗಿದೆ, ಅದಕ್ಕೇ ನನ್ನ ಅಕ್ಷರದಲ್ಲಿ ನಕಲು ಮಾಡಿದ್ದೇನೆ. ನೀನು ಬರೆದಿದ್ದು ಹೀಗೆ.

ಏನೋ ಕೆಟ್ಟದ್ದು ಆಗಲಿದೆ ಅನ್ನಿಸುತ್ತದೆಯೇ: ಯಾವಾಗಲೂ. ಎದೆ ಡವಡವ ಅನ್ನುತ್ತದೆಯೇ: ಆಗಾಗ. ಮುಗಿಸಿದ ಕೆಲಸವನ್ನು ಮತ್ತೆ ಮತ್ತೆ ನೋಡುತ್ತೀರಾ: ಯಾವಾಗಲೂ. ನಿದ್ದೆ ಕೆಡುತ್ತದೆಯೇ: ಯಾವಾಗಲೂ. ಉಳಿದ ಎಂಟು ಈ ಹಾಳೆಯ ಹಿಂಬದಿಯಲ್ಲಿವೆ. ಚೆನ್ನಾಗಿ ಬಾಯಿಪಾಠ ಮಾಡಿ, ಆ ಹುಡುಗಿಯ ಮುಂದೆ ಒಂದೂ ಬದಲಿಸದೆ ಹಾಗೆ ಹಾಗೇ ಹೇಳು.

ನೀನು ಬರೆದ ಸಂಗತಿ ಓದಿದೆ. ಹರಿದು ಹಾಕಿದೆ. ಧೈರ್ಯವಾಗಿರು.

ಅಕ್ಕ


ಜೂನ್ ೧೮

ಅಕ್ಕ,

ನಾನು ಹಾಗೆ ಬರೆದಿದ್ದೆನಾ?

ಎಂದೂ ಇಲ್ಲ ಎಂದು ಬರೆದೆ ಎಂದೇ ನನ್ನ ತಲೆಯಲ್ಲಿತ್ತು. ಪೆನ್ನು ಹಿಡಿದ ಕೈ ಕೂಡ ಕಣ್ಣಿಗೆ ಕಟ್ಟಿದ ಹಾಗಿದೆ. ನಿನ್ನ ಕಾಗದವನ್ನು ಕಿಟಕಿಯ ಹತ್ತಿರ ಹಿಡಿದು ಎಷ್ಟು ಸಲ ಓದಿದೆನೋ. ತಮಾಷೆ ಮಾಡಿದ್ದೀಯ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ನನ್ನ ಸ್ವಂತ ಮಗಳನ್ನು ಅರ್ಧ ಅಂಕಕ್ಕೆ ಗಣಿತದಲ್ಲಿ ಫೇಲು ಮಾಡಿದವಳು ನೀನು. ಇನ್ನೊಬ್ಬರ ಉತ್ತರ ತಿದ್ದುವವಳಲ್ಲ.

ಹಾಗಾದರೆ ಹೋದದ್ದು ನನ್ನ ತಲೆ. ಮರೆತಿದ್ದರೆ ಅದೊಂದು ರೀತಿ. ಇದು ಮರೆತದ್ದಲ್ಲ, ಆಗದೇ ಇದ್ದದ್ದನ್ನು ಆಗಿದೆ ಎಂದು ನಂಬಿಕೊಂಡು ಕೂತಿದ್ದೇನೆ. ಹಾಗಿರುವಾಗ ಬೆಳಗ್ಗೆ ಸಿರಿಂಜಿಗೆ ಇಷ್ಟು ಗೆರೆಯವರೆಗೆ ಔಷಧಿ ಎಳೆದೆ, ಸರಿಯಾಗಿ ಚುಚ್ಚಿದೆ ಎನ್ನುವುದನ್ನು ಹೇಗೆ ನಂಬಲಿ? ಈ ಕೈಯಲ್ಲಿ ಅವಳ ಪ್ರಾಣ ಇದೆ ಅಕ್ಕ. ನನ್ನ ಕೈಯನ್ನು ನೋಡಿದರೆ ನನಗೇ ಹೆದರಿಕೆಯಾಗುತ್ತದೆ.

ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಎರಡು ಸಲ ಚುಚ್ಚಿದರೆ ಮಧ್ಯಾಹ್ನದೊಳಗೆ ಮುಗಿಯಿತು. ಚುಚ್ಚದಿದ್ದರೆ ಸಕ್ಕರೆ ಏರುತ್ತದೆ, ಅಷ್ಟೇ ತಾನೆ? ಅದು ನಿಧಾನ. ಡಾಕ್ಟರು ಸ್ವಲ್ಪ ದಿನ ಇಂಜೆಕ್ಷನ್ ನಿಲ್ಲಿಸಲು ಹೇಳಿದ್ದಾರೆ ಎಂದು ಇವಳಿಗೆ ಹೇಳಿದೆ. "ಹಾಗೇ ಆಗ್ಲಿ ಬಿಡಿ" ಎಂದಳು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಿನ್ನೆಯಿಂದ ನಿಲ್ಲಿಸಿದ್ದೇನೆ. ಬಾಟಲಿಗಳನ್ನು ಹಿತ್ತಲಿನ ಕಸದ ತೊಟ್ಟಿಗೆ ಹಾಕಿದೆ, ನೆನಪು ತಪ್ಪಿ ಕೈ ಹೋಗಬಾರದಲ್ಲ. ಇವಳು ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಾಳೆ, ಸೆಕೆ ಅಲ್ಲವೇ.

ಭಾನುವಾರ ಬರಬೇಡ, ನಾವು ಊರಲ್ಲಿರುವುದಿಲ್ಲ ಎಂದು ಮಗಳಿಗೆ ಸುಳ್ಳು ಹೇಳಿ ಫೋನಿನ ವೈರು ಕಿತ್ತಿಟ್ಟಿದ್ದೇನೆ. ನಿನ್ನ ಕಾಗದ ಬಾಯಿಪಾಠವಾಗಿದೆ. ಇಪ್ಪತ್ಮೂರಕ್ಕೆ ಹೋಗಿ ಒಪ್ಪಿಸಿ ಬರುತ್ತೇನೆ. ಪಾಸಾದರೆ ಮುಂದಿನದು ಯೋಚಿಸೋಣ.

ಗುಂಡ


ಜೂನ್ ೨೧

ಗುಂಡ, ಗುಂಡ,

ಸುಳ್ಳು ಕಣೋ. ನಾನು ಬರೆದದ್ದು ಸುಳ್ಳು. ನೀನು ಬರೆದದ್ದು ಎಂದೂ ಇಲ್ಲ ಅಂತಲೇ. ನಿನ್ನ ಹಾಳೆ ನನ್ನ ಮುಂದೆಯೇ ಇದೆ, ನೀರೂ ಬಿದ್ದಿಲ್ಲ, ಏನೂ ಇಲ್ಲ. ಇದರ ಜೊತೆ ಇಟ್ಟಿದ್ದೇನೆ, ನಿನ್ನ ಅಕ್ಷರ ನೀನೇ ನೋಡಿಕೋ.

ನಿನ್ನ ಭಯ ಓದಿ ನನಗೆ ತಡೆಯಲಾಗಲಿಲ್ಲ. ನೀನಾಗಿ ಯಾರಿಗೂ ಹೇಳುವುದಿಲ್ಲ ಅಂತ ಗೊತ್ತಿತ್ತು. ನಿಜವಾದ ಉತ್ತರ ಆ ಹುಡುಗಿಯ ಕಿವಿಗೆ ಬಿದ್ದರೆ ಯಾರಾದರೂ ನಿನ್ನನ್ನು ಕೂರಿಸಿ ಏನಾಯಿತು ಎಂದು ಕೇಳುತ್ತಾರೆ ಎಂದುಕೊಂಡೆ. ಮಹಾ ಬುದ್ಧಿವಂತೆ ನಾನು! ನೀನು ನಗುತ್ತೀಯ, ಇಲ್ಲವೇ ನನ್ನನ್ನು ಬೈಯುತ್ತೀಯ ಎಂದುಕೊಂಡಿದ್ದೆ. ನೀನು ನಿನ್ನನ್ನು ಬಿಟ್ಟು ನನ್ನನ್ನು ನಂಬುತ್ತೀಯ ಎಂದು ಕನಸಿನಲ್ಲೂ ಹೊಳೆಯಲಿಲ್ಲ.

ಇನ್ಸುಲಿನ್ ನಿಲ್ಲಿಸಬೇಡ. ಸಕ್ಕರೆ ಏರಿದರೂ ಜೀವ ಹೋಗುತ್ತದೆ, ಆ ನೀರಡಿಕೆ ಸೆಕೆಯದಲ್ಲ. ಈ ಕಾಗದ ಕೈಗೆ ಬಂದ ತಕ್ಷಣ ಅವಳನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗು. ನಿನ್ನ ತಲೆ ನೆಟ್ಟಗಿದೆ, ನಿನ್ನ ನೆನಪು ನೆಟ್ಟಗಿದೆ.

ಮೇಲಿನ ಮನೆಯ ಹುಡುಗಿ ಬೆಳಗ್ಗೆಯಿಂದ ನಿನಗೆ ಫೋನು ಮಾಡುತ್ತಿದ್ದಾಳೆ, ರಿಂಗ್ ಕೂಡ ಆಗುತ್ತಿಲ್ಲ. ನಿನ್ನ ಮಗಳ ಹಳೆಯ ನಂಬರಿನಲ್ಲಿ ಬೇರೆ ಯಾರೋ ಎತ್ತುತ್ತಾರೆ. ಕ್ಲಿನಿಕ್ಕಿನ ಹೆಸರನ್ನಾದರೂ ಒಂದು ಕಾಗದದಲ್ಲಿ ಬರೆಯಬಾರದಿತ್ತೇನೋ!

ಅಕ್ಕ


ಜೂನ್ ೨೫

ಗುಂಡ,

ಕಾಗದ ತಲುಪಿರಬೇಕು. ಉತ್ತರ ಇಲ್ಲ. ನಿಮ್ಮ ಊರಿನ ಪೊಲೀಸ್ ಸ್ಟೇಷನ್ನಿಗೆ ಮೇಲಿನ ಮನೆಯ ಹುಡುಗಿಯಿಂದ ಫೋನು ಮಾಡಿಸಿದೆ. ಅಲ್ಲಿಂದ ಒಬ್ಬ ಪುಣ್ಯಾತ್ಮ ಹೋಗಿ ನೋಡಿ ಬಂದು, "ಬೀಗ ಹಾಕಿದೆ, ಪಕ್ಕದ ಮನೇಲೂ ಯಾರೂ ಇಲ್ಲ" ಎಂದನಂತೆ.

ಬೀಗ ಎಂದರೆ ಏನು ತಿಳಿದುಕೊಳ್ಳಲಿ? ಆಸ್ಪತ್ರೆಗೆ ಹೋಗಿದ್ದೀರಿ ಎಂದುಕೊಳ್ಳುತ್ತೇನೆ, ಅರೆಗಳಿಗೆಯಲ್ಲಿ ಇನ್ನೊಂದು ಯೋಚನೆ ಬರುತ್ತದೆ. ಗೇಟಿನ ಶಬ್ದ ನನಗೆ ಕೇಳಿಸುವುದಿಲ್ಲ, ಅದಕ್ಕೇ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಹೊರಗೆ ಕುರ್ಚಿ ಹಾಕಿ ಕೂರುತ್ತೇನೆ. ಅವನು ದೂರದಿಂದಲೇ ಕೈಯಾಡಿಸಿ ಇಲ್ಲ ಎನ್ನುತ್ತಾನೆ. ಮಷೀನು ಹಾಕಿಕೊಂಡಿದ್ದೇನೆ. ಅದರಲ್ಲಿ ನನ್ನ ಉಸಿರೇ ಜೋರಾಗಿ ಕೇಳಿಸುತ್ತದೆ.

ಇವತ್ತು ನಿನ್ನ ಹನ್ನೆರಡು ಪ್ರಶ್ನೆಗಳನ್ನು ನನಗೆ ನಾನೇ ಕೇಳಿಕೊಂಡೆ. ಎಲ್ಲದಕ್ಕೂ ಒಂದೇ ಉತ್ತರ ಬಂತು. ಯಾರ ಕೈಲಾದರೂ ಎರಡು ಸಾಲು ಬರೆಸು. ಬೈದು ಬರೆ, ಪರವಾಗಿಲ್ಲ. ಅವಳು ಇದ್ದಾಳೋ ಇಲ್ಲವೋ ಅಷ್ಟು ಹೇಳು.

ಅಕ್ಕ


ಜೂನ್ ೨೯

ಅಕ್ಕ,

ಇದ್ದಾಳೆ. ಮೊದಲು ಅದನ್ನು ಓದಿಕೊಂಡು ಉಸಿರು ಬಿಡು.

ನಿನ್ನ ಎರಡು ಕಾಗದಗಳೂ ಬಾಗಿಲ ಸಂದಿಯಲ್ಲಿ ಬಿದ್ದಿದ್ದವು. ನಿನ್ನೆ ಬಟ್ಟೆ ತರಲು ಮನೆಗೆ ಹೋದಾಗ ಸಿಕ್ಕವು. ಅಲ್ಲಿಯವರೆಗೆ ಆಸ್ಪತ್ರೆಯ ಕಾರಿಡಾರಿನಲ್ಲೇ ಇದ್ದೆ.

ಇಪ್ಪತ್ಮೂರಕ್ಕೆ ಕ್ಲಿನಿಕ್ಕಿಗೆ ಒಬ್ಬನೇ ಹೋದೆ. ಬೆಳಗ್ಗೆ ಇವಳು ಕುರ್ಚಿಯಿಂದ ಏಳಲಿಲ್ಲ, ತೂಕಡಿಸುತ್ತಿದ್ದಳು. ಸುಸ್ತು ಇರಬೇಕು, ಮಲಗಲಿ ಎಂದು ಬೀಗ ಹಾಕಿಕೊಂಡು ಹೋದೆ. ಅಲ್ಲಿ ಹುಡುಗಿ ಕೇಳುತ್ತಾ ಹೋದಳು, ನೀನು ಕಳಿಸಿದ್ದನ್ನು ಗಿಣಿಯ ಹಾಗೆ ಒಪ್ಪಿಸಿದೆ. ಕೊನೆಗೆ ಅವಳು ಹಳೆಯ ಹಾಳೆ ತೆಗೆದು ಪಕ್ಕದಲ್ಲಿಟ್ಟಳು. ಅದರ ತುಂಬ ಎಂದೂ ಇಲ್ಲ, ಎಂದೂ ಇಲ್ಲ. ಕೆಳಗೆ ನನ್ನ ಸಹಿಯೂ ಇತ್ತು. ಹಾಗಾದರೆ ನೀನೇಕೆ ಬೇರೆ ಬರೆದೆ ಎಂದು ಯೋಚಿಸಲೂ ಹೊಳೆಯಲಿಲ್ಲ. ಸಿಕ್ಕಿಬಿದ್ದೆ ಎಂದುಕೊಂಡೆ. ಅವಳು ಗದರಲಿಲ್ಲ. "ತಾತ, ಉತ್ತರ ಇಷ್ಟು ಬದಲಾದ್ರೆ ನಾವು ಒಂದೇ ಮಾತು ಕೇಳೋದು. ಈ ಮೂರು ವಾರದಲ್ಲಿ ಏನಾದ್ರೂ ಆಯ್ತಾ?" ಎಂದಳು.

ಅಷ್ಟೇ ಸಾಕಾಯಿತು ಅಕ್ಕ. ಆ ಬೆಂಚಿನ ಮೇಲೆ ಎಲ್ಲರ ಮುಂದೆ ಅತ್ತೆ. ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ: "ಅಜ್ಜಿಗೆ ಕೊನೆಯ ಇಂಜೆಕ್ಷನ್ ಯಾವಾಗ ಕೊಟ್ರಿ?" ಹೇಳಿದಾಗ ಅವಳ ಮುಖ ಬಿಳುಚಿತು. ಪೆನ್ನು, ಹಾಳೆ ಎಲ್ಲ ಅಲ್ಲೇ ಬಿಟ್ಟು ಡಾಕ್ಟರನ್ನು ಕೂಗುತ್ತಾ ಓಡಿದಳು. ನಾವು ಬೀಗ ತೆಗೆದಾಗ ಇವಳು ಕುರ್ಚಿಯಿಂದ ಜಾರಿ ನೆಲದ ಮೇಲಿದ್ದಳು. ಕರೆದರೆ ಓಗೊಡಲಿಲ್ಲ, ನಾಲಿಗೆ ಒಣಗಿ ಅಂಟಿಕೊಂಡಿತ್ತು.

ಮೂರು ದಿನ ಕಣ್ಣು ಬಿಡಲಿಲ್ಲ. ಮೊನ್ನೆ ಬಿಟ್ಟಳು. ಸುದ್ದಿ ಕೇಳಿ ಓಡಿ ಬಂದಿದ್ದ ಮಗಳು ಚಹಾ ತರಲು ಹೋಗಿದ್ದಾಗ ಇವಳ ಕೈ ಹಿಡಿದು ಹೇಳಿದೆ, "ಅವತ್ತು ನಿಂಗೆ ತಲೆ ಸುತ್ತಿದ್ದು ಹಸಿವಿಗಲ್ಲ ಕಣೇ. ನಾನು ಎರಡು ಸಲ ಚುಚ್ಚಿದೆ."

"ಗೊತ್ತು" ಎಂದಳು.

"ಏನು ಗೊತ್ತು?"

"ನಿದ್ದೆ ಎಲ್ಲಿತ್ತು? ಸುಮ್ನೆ ಕಣ್ಣು ಮುಚ್ಚಿದ್ದೆ. ಎರಡನೇ ಸಲ ಚುಚ್ಚಿದಾಗ ಗೊತ್ತಾಯ್ತು."

"ಮತ್ತೆ ತಡೀಬಾರದಿತ್ತಾ? ಸತ್ತೇ ಹೋಗ್ತಿದ್ದೆಯಲ್ಲೇ!"

"ಇಷ್ಟಾಗುತ್ತೆ ಅಂತ ನಂಗೇನು ಗೊತ್ತು? ಮರೆತ್ರಿ ಅಂತ ಬಾಯಿ ಬಿಟ್ಟು ಹೇಳಿದ್ರೆ ಅದು ನಿಜ ಆಗ್ಬಿಡುತ್ತೆ ಅನ್ನಿಸ್ತು. ಮಗಳಿಗೆ ಗೊತ್ತಾಗುತ್ತೆ, ನಿಮ್ಮನ್ನ ಒಂದು ಕಡೆ, ನನ್ನನ್ನ ಒಂದು ಕಡೆ ಮಾಡ್ತಾಳೆ. ಒಂದು ಸೂಜಿ ತಾನೆ, ತಡ್ಕೊಂಡ್ರಾಯ್ತು ಅಂದ್ಕೊಂಡೆ." ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದಳು, "ಡಾಕ್ಟ್ರು ನಿಲ್ಸಿ ಅಂದಿಲ್ಲ ಅಂತಾನೂ ಗೊತ್ತಿತ್ತು. ನೀವು ಹೆದರಿ ಒಣಗಿ ಹೋಗಿದ್ರಿ. ನಾಲ್ಕು ದಿನ ಬಿಟ್ರೆ ಸರಿಹೋಗ್ತೀರಿ ಅಂತ ಕಾಯ್ತಿದ್ದೆ."

ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಹೆದರುತ್ತಿದ್ದೆವು.

ಮಗಳಿಗೂ ಹೇಳಿದೆವು. ಅವಳು ಮೊದಲು ಕೂಗಾಡಿದಳು. ಆಮೇಲೆ ಗೋಡೆಗೊರಗಿ, "ನಿಮ್ಮನ್ನ ಬೇರೆ ಮಾಡ್ತೀನಿ ಅಂತ ನಾನು ಯಾವತ್ತಪ್ಪಾ ಹೇಳಿದ್ದೆ?" ಎಂದು ಅತ್ತಳು. ಸದ್ಯಕ್ಕೆ ಬೆಳಗ್ಗೆ ಸಂಜೆ ನರ್ಸ್ ಬಂದು ಇಂಜೆಕ್ಷನ್ ಕೊಡುತ್ತಾಳಂತೆ. ಅದಕ್ಕಿಂತ ಮುಂದಿನದು ಮಗಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಿನ್ನ ಮೇಲೆ ಕೋಪ ಇದೆ, ಇಲ್ಲ ಎನ್ನುವುದಿಲ್ಲ. ನಿನ್ನ ಸುಳ್ಳಿನಿಂದ ಇವಳು ಸಾಯುತ್ತಿದ್ದಳು. ನೀನು ಸುಳ್ಳು ಬರೆಯದಿದ್ದರೆ ಆ ಹುಡುಗಿ ಏನಾಯಿತು ಎಂದು ಕೇಳುತ್ತಲೂ ಇರಲಿಲ್ಲ. ಯಾವ ಕಡೆಯಿಂದ ಲೆಕ್ಕ ಹಾಕಲಿ? ಬಂದ ಮೇಲೆ ಎದುರು ಕೂತು ಬೈಯುತ್ತೇನೆ.

ಆದರೆ ನಿನ್ನ ತಲೆ ನೆಟ್ಟಗಿದೆ ಎಂದು ಬರೆದಿದ್ದೀಯಲ್ಲ, ಅದು ನಿಜವೋ ಏನೋ ಯಾರಿಗೂ ಗೊತ್ತಿಲ್ಲ. ಹಾಳೆಯ ವಿಷಯದಲ್ಲಿ ನನ್ನ ನೆನಪು ಸರಿಯಿತ್ತು. ಸಿರಿಂಜಿನ ವಿಷಯದಲ್ಲಿ ಇರಲಿಲ್ಲ. ಅದು ಈ ಭಯ ಶುರುವಾಗುವುದಕ್ಕೆ ಮುಂಚಿನ ಮಾತು, ಹಾಗಾಗಿ ತಪ್ಪನ್ನು ಭಯದ ಮೇಲೆ ಹಾಕುವ ಹಾಗಿಲ್ಲ. ಡಾಕ್ಟರು ಮುಂದಿನ ಮಂಗಳವಾರ ನಿಜವಾದ ಮರೆವಿನ ಪರೀಕ್ಷೆ ಮಾಡುತ್ತಾರಂತೆ. ಆ ಹುಡುಗಿಯನ್ನು ಕೇಳಿದೆ, "ಬರೀ ಆತಂಕವೇ ಇರಬಹುದಲ್ವೇನಮ್ಮ?" ಎಂದು. "ಇರಬಹುದು ತಾತ. ಇಲ್ಲದೇನೂ ಇರಬಹುದು" ಎಂದಳು. ಸುಳ್ಳು ಹೇಳಲಿಲ್ಲ ಅವಳು. ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಇನ್ನು ಮುಂದೆ ಏನನ್ನೂ ಮುಚ್ಚಿಡುವುದಿಲ್ಲ ಎಂದು ಇವಳಿಗೆ ಹೇಳಿದ್ದೇನೆ. ತಾನೂ ಮುಚ್ಚಿಡುವುದಿಲ್ಲ ಎಂದಳು. ಹಾಗೆ ಹೇಳಿಕೊಂಡ ಮೇಲೆ ಇಬ್ಬರೂ ಇನ್ನಷ್ಟು ಹೆದರಿ ಕೂತೆವು.

ನಿನ್ನ ಮಂಡಿ ಇನ್ನೂ ಬಾಗುವುದಿಲ್ಲ, ಡಾಕ್ಟರು ಬೈಯುತ್ತಾರೆ, ರೈಲಿನಲ್ಲಿ ಕಷ್ಟವಾಗುತ್ತದೆ, ಎಲ್ಲ ಗೊತ್ತು ಅಕ್ಕ. ಆದರೂ ಬಾ. ಮಂಗಳವಾರದೊಳಗೆ ಬಾ. ನನಗೆ ತುಂಬ ಭಯವಾಗುತ್ತಿದೆ.

ಗುಂಡ